ಗೆಲ್ಲಿಸುವುದು ಕಾಲೋ, ನಕ್ಷೆಯೋ?

ಮೂರು ವಾರ. 3,285 ಕಿಲೋಮೀಟರ್. 87 ಗಂಟೆಗೂ ಹೆಚ್ಚು ಹೊತ್ತು ಪೆಡಲ್ ತುಳಿತ. ಇಷ್ಟೆಲ್ಲ ಆದ ಮೇಲೆ ಮೊದಲನೆಯವನಿಗೂ ಎರಡನೆಯವನಿಗೂ ನಡುವೆ ಉಳಿದದ್ದು ಬರೀ 8 ಸೆಕೆಂಡ್! 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ಮುಗಿದದ್ದು ಹೀಗೆ. ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದರು, ಫ್ರಾನ್ಸಿನ ಲೊರಾಂ ಫಿನ್ಯೋ ಸೋತರು.

ಈ ಕಥೆ ಹೇಳುವವರೆಲ್ಲ ಲೆಮಾಂಡ್ ಬಳಸಿದ ಹೊಸ ಬಗೆಯ ಹ್ಯಾಂಡಲ್‌ಬಾರ್ ಬಗ್ಗೆ, ಹೆಲ್ಮೆಟ್ ಇಲ್ಲದೆ ಗಾಳಿಗೆ ಹಾರುತ್ತಿದ್ದ ಫಿನ್ಯೋ ಅವರ ಜುಟ್ಟಿನ ಬಗ್ಗೆ ಹೇಳುತ್ತಾರೆ. ಅದೆಲ್ಲ ನಿಜವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಕೊನೆಯ ದಿನ ಅಲ್ಲಿ ಸ್ಪರ್ಧೆ ಇದ್ದದ್ದಾದರೂ ಏಕೆ? ಸಾಮಾನ್ಯವಾಗಿ ಈ ರೇಸ್‌ನ ಕೊನೆಯ ದಿನವೆಂದರೆ ಪ್ಯಾರಿಸ್‌ಗೆ ಮೆರವಣಿಗೆ. ಮುನ್ನಡೆಯಲ್ಲಿರುವವನ ಮೇಲೆ ಯಾರೂ ದಾಳಿ ಮಾಡುವುದಿಲ್ಲ. ನಗುತ್ತಾ, ಫೋಟೊ ತೆಗೆಸಿಕೊಳ್ಳುತ್ತಾ ಬರುತ್ತಾರೆ. ಆದರೆ ಆ ವರ್ಷ ಸಂಘಟಕರು ಕೊನೆಯ ದಿನಕ್ಕೆ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್ ಇಟ್ಟಿದ್ದರು. ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ತುಳಿಯುವ ಸ್ಪರ್ಧೆ ಅದು. ಬೆಳಿಗ್ಗೆ 50 ಸೆಕೆಂಡ್ ಮುಂದಿದ್ದ ಫಿನ್ಯೋ, ಅಷ್ಟು ಚಿಕ್ಕ ದೂರದಲ್ಲಿ 58 ಸೆಕೆಂಡ್ ಕಳೆದುಕೊಂಡರು. ಮೆರವಣಿಗೆ ಇದ್ದಿದ್ದರೆ ಹಳದಿ ಜೆರ್ಸಿ ಅವರ ಮೈಮೇಲೇ ಉಳಿಯುತ್ತಿತ್ತು.

ಅಂದರೆ ಆ 8 ಸೆಕೆಂಡಿನ ಹಿಂದೆ ಇನ್ನೊಬ್ಬರ ಕೈಯೂ ಇತ್ತು. ಸೈಕಲ್ ಹತ್ತದೆ, ಟೇಬಲ್ ಮೇಲೆ ನಕ್ಷೆ ಹರಡಿಕೊಂಡು ಗೆರೆ ಎಳೆದವರ ಕೈ.

ಪತ್ರಿಕೆ ಮಾರಲು ಹುಟ್ಟಿದ ರೇಸ್

1903ರಲ್ಲಿ 'ಲೋಟೊ' ಎಂಬ ಫ್ರೆಂಚ್ ಕ್ರೀಡಾ ಪತ್ರಿಕೆ ತನ್ನ ಪ್ರಸಾರ ಹೆಚ್ಚಿಸಿಕೊಳ್ಳಲು ಶುರು ಮಾಡಿದ ಸ್ಪರ್ಧೆ ಇದು. ಅದರ ಸಂಪಾದಕ ಆಂರಿ ದೆಗ್ರಾಂಜ್. ಮೊದಲ ವರ್ಷ ಇದ್ದದ್ದು ಆರೇ ಹಂತಗಳು, ಒಟ್ಟು 2,428 ಕಿ.ಮೀ. ಒಂದು ಹಂತವೆಂದರೆ ಸರಾಸರಿ 400 ಕಿ.ಮೀ.! ರಾತ್ರಿಯಿಡೀ ತುಳಿಯಬೇಕಿತ್ತು. 60 ಜನ ಹೊರಟು ಮುಗಿಸಿದವರು 21 ಮಂದಿ. ಆ ಪತ್ರಿಕೆ ಹಳದಿ ಕಾಗದದಲ್ಲಿ ಅಚ್ಚಾಗುತ್ತಿತ್ತು. 1919ರಲ್ಲಿ ಮುನ್ನಡೆಯಲ್ಲಿರುವವರಿಗೆ ಹಳದಿ ಜೆರ್ಸಿ ಕೊಡುವ ಪದ್ಧತಿ ಬಂತು.

ಓದುಗರಿಗೆ ದಿನಾ ಹೊಸ ರೋಮಾಂಚನ ಬೇಕಲ್ಲವೇ? 1910ರಲ್ಲಿ ಪಿರನೀಸ್ ಪರ್ವತಗಳನ್ನು ದಾರಿಗೆ ಸೇರಿಸುವ ಯೋಚನೆ ಬಂತು. ರಸ್ತೆ ನೋಡಿ ಬರಲು ಹೋದ ಅಲ್ಫೋನ್ಸ್ ಸ್ಟೈನೆಸ್, 2,115 ಮೀಟರ್ ಎತ್ತರದ ಟೂರ್ಮಲೆ ಕಣಿವೆದಾರಿಯ ಹಿಮದಲ್ಲಿ ದಾರಿ ತಪ್ಪಿ ಹೇಗೋ ಬದುಕಿ ಬಂದು, 'ರಸ್ತೆ ಚೆನ್ನಾಗಿದೆ' ಎಂದು ಟೆಲಿಗ್ರಾಂ ಕಳಿಸಿದರು ಎಂಬ ಕಥೆ ಇಂದಿಗೂ ಪ್ರಸಿದ್ಧ. ಆ ವರ್ಷದ ವಿಜೇತ ಒಕ್ತಾವ್ ಲಾಪೀಸ್ ಅದೇ ಬೆಟ್ಟಗಳಲ್ಲಿ ಸಂಘಟಕರನ್ನು ಕೊಲೆಗಡುಕರೆಂದು ಬೈದದ್ದೂ ಅಷ್ಟೇ ಪ್ರಸಿದ್ಧ. ದಾರಿ ರೂಪಿಸುವವರಿಗೂ ತುಳಿಯುವವರಿಗೂ ನಡುವಿನ ಜಗಳ ಶುರುವಾದದ್ದು ಅಲ್ಲಿಂದಲೇ ಎನ್ನಬಹುದು.

ಇಂದು ಟೂರ್ ಎಂದರೆ 21 ಹಂತಗಳು, ನಡುವೆ ಎರಡು ದಿನ ವಿರಾಮ, ಒಟ್ಟು ಸುಮಾರು 3,300ರಿಂದ 3,500 ಕಿ.ಮೀ. ಎಲ್ಲ ಹಂತಗಳ ಸಮಯ ಕೂಡಿಸಿದಾಗ ಯಾರದ್ದು ಕಡಿಮೆಯೋ ಅವರು ಚಾಂಪಿಯನ್. ದಾರಿ ಪ್ರತಿ ವರ್ಷ ಬದಲಾಗುತ್ತದೆ. ಹಿಂದಿನ ಅಕ್ಟೋಬರ್‌ನಲ್ಲೇ ಪ್ಯಾರಿಸ್‌ನಲ್ಲಿ ದೊಡ್ಡ ಸಮಾರಂಭ ಮಾಡಿ ಅದನ್ನು ಪ್ರಕಟಿಸುತ್ತಾರೆ. ನಿರ್ದೇಶಕ ಕ್ರಿಶ್ಚಿಯನ್ ಪ್ರುಡೋಮ್ ಹಾಗೂ ಮಾಜಿ ಸೈಕ್ಲಿಸ್ಟ್ ಥಿಯೆರಿ ಗೂವೆನು ಈಚಿನ ವರ್ಷಗಳ ಪ್ರಮುಖ 'ನಕ್ಷೆಗಾರರು'.

ಒಂದಿಷ್ಟು ಪಿಯುಸಿ ಫಿಸಿಕ್ಸ್

ದಾರಿ ಬದಲಾದರೆ ಗೆಲ್ಲುವವರು ಯಾಕೆ ಬದಲಾಗಬೇಕು? ಗಟ್ಟಿಗ ಎಲ್ಲಿ ಹೋದರೂ ಗಟ್ಟಿಗನೇ ಅಲ್ಲವೇ? ಇಲ್ಲ. ಇದಕ್ಕೆ ಉತ್ತರ ಪಿಯುಸಿ ಪುಸ್ತಕದಲ್ಲೇ ಇದೆ.

ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವ ಸೈಕ್ಲಿಸ್ಟ್‌ನ ದೊಡ್ಡ ಶತ್ರು ಗಾಳಿ. ಅದರ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅದನ್ನು ಮೀರಲು ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ 10% ಹೆಚ್ಚಬೇಕೆಂದರೆ ಗಾಳಿ ಸೀಳಲು ಸುಮಾರು 33% ಹೆಚ್ಚು ಪವರ್ ಬೇಕು. ಹಾಗಾಗಿಯೇ ಎಲ್ಲರೂ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಗುಂಪಾಗಿ ಹೋಗುವುದು. ಮುಂದಿನವನು ಗಾಳಿ ಸೀಳುತ್ತಾನೆ, ಹಿಂದಿನವನು ಅವನ ಮರೆಯಲ್ಲಿ ಉಸಿರು ಉಳಿಸಿಕೊಳ್ಳುತ್ತಾನೆ. ಸಪಾಟು ದಿನದ ಕೊನೆಗೆ ನೂರಕ್ಕೂ ಹೆಚ್ಚು ಜನ ಒಂದೇ ಗುಂಪಲ್ಲಿ ಬಂದರೆ ಎಲ್ಲರಿಗೂ ಒಂದೇ ಸಮಯ. ಒಟ್ಟು ಲೆಕ್ಕದಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ.

ಬೆಟ್ಟ ಹತ್ತುವಾಗ ವೇಗ ಇಳಿಯುತ್ತದೆ, ಗಾಳಿಯ ಪಾತ್ರ ಕುಗ್ಗುತ್ತದೆ. ಅಲ್ಲಿ ಶತ್ರು ಗುರುತ್ವಾಕರ್ಷಣೆ. ನಮಗೆಲ್ಲ ಗೊತ್ತಿರುವ ಎಂಜಿಎಚ್ ಸೂತ್ರ ಹಾಕಿ ನೋಡಿ. ಸೈಕಲ್ ತೂಕ 7 ಕೆ.ಜಿ. ಇರಲಿ. ನಿಯಮದ ಪ್ರಕಾರ 6.8 ಕೆ.ಜಿ.ಗಿಂತ ಹಗುರ ಇರುವಂತಿಲ್ಲ. 1,000 ಮೀಟರ್ ಎತ್ತರವನ್ನು 40 ನಿಮಿಷದಲ್ಲಿ ಏರಲು 60 ಕೆ.ಜಿ.ಯವನಿಗೆ ಗುರುತ್ವದ ವಿರುದ್ಧವೇ ಸುಮಾರು 274 ವ್ಯಾಟ್ ಬೇಕು. 75 ಕೆ.ಜಿ.ಯವನಿಗೆ 335 ವ್ಯಾಟ್. ಅಂದರೆ 61 ವ್ಯಾಟ್ ಹೆಚ್ಚು, ಅದೂ 40 ನಿಮಿಷ ಬಿಡದೆ! ಅದೇ ಇಬ್ಬರನ್ನು ಸಪಾಟು ಟೈಮ್ ಟ್ರಯಲ್‌ಗೆ ಇಳಿಸಿ. ಅಲ್ಲಿ ತೂಕಕ್ಕೆ ಅಷ್ಟು ಬೆಲೆ ಇಲ್ಲ, ಒಟ್ಟು ಪವರ್‌ಗೆ ಬೆಲೆ. ದೊಡ್ಡ ಎಂಜಿನ್ ಇರುವವನು ಗೆಲ್ಲುತ್ತಾನೆ.

ಹಾಗಾದರೆ ಟೈಮ್ ಟ್ರಯಲ್ ಎಷ್ಟು ಕಿಲೋಮೀಟರ್, ಬೆಟ್ಟದ ತುದಿಯಲ್ಲಿ ಮುಗಿಯುವ ಹಂತಗಳು ಎಷ್ಟು ಎಂದು ನಿರ್ಧರಿಸುವುದೆಂದರೆ ಪ್ರಶ್ನೆಪತ್ರಿಕೆಯಲ್ಲಿ ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂದು ನಿರ್ಧರಿಸಿದಂತೆ. ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿತ ಪ್ರಬಲವಾಗಿರುವವನಿಗೂ ಸಾಮಾನ್ಯ ಜ್ಞಾನ ಪ್ರಬಲವಾಗಿರುವವನಿಗೂ ಒಂದೇ ಪತ್ರಿಕೆ ಒಂದೇ ಥರ ಕಾಣುವುದಿಲ್ಲ.

ಎರಡು ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 2012ರಲ್ಲಿ ವೈಯಕ್ತಿಕ ಟೈಮ್ ಟ್ರಯಲ್ ಒಟ್ಟು 101.4 ಕಿ.ಮೀ. ಇತ್ತು. ಗೆದ್ದವರು ಬ್ರಿಟನ್ನಿನ ಬ್ರಾಡ್ಲಿ ವಿಗಿನ್ಸ್, ಟ್ರ್ಯಾಕ್ ಸೈಕ್ಲಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಿದ್ದವರು. ಆ ವರ್ಷದ ಎರಡೂ ದೊಡ್ಡ ಟೈಮ್ ಟ್ರಯಲ್‌ಗಳನ್ನು ಅವರೇ ಗೆದ್ದರು. 2015ಕ್ಕೆ ಬನ್ನಿ. ವೈಯಕ್ತಿಕ ಟೈಮ್ ಟ್ರಯಲ್ ಇದ್ದದ್ದು ಬರೀ 13.8 ಕಿ.ಮೀ.! ಹೆಸರು ಅದೇ, ಹಳದಿ ಜೆರ್ಸಿ ಅದೇ. ಪರೀಕ್ಷೆ ಮಾತ್ರ ಬೇರೆ.

ಬೆಟ್ಟದವನು ಕಡಲ ಮಟ್ಟದಲ್ಲಿ ಸೋತ

ಆ 2015ರ ನಕ್ಷೆ ನೋಡಿದಾಗ ಎಲ್ಲರ ಕಣ್ಣು ಬಿದ್ದದ್ದು ಕೊಲಂಬಿಯಾದ ನೈರೊ ಕ್ವಿಂಟಾನಾ ಮೇಲೆ. ಆಂಡಿಸ್ ಪರ್ವತ ಪ್ರದೇಶದಲ್ಲಿ ಹುಟ್ಟಿ ಬೆಳೆದವರು, ತೂಕ ಕಡಿಮೆ, ಬೆಟ್ಟ ಹತ್ತಲು ನಿಂತರೆ ಹಿಡಿಯುವವರು ಕಡಿಮೆ. ಟೈಮ್ ಟ್ರಯಲ್ ಕಡಿಮೆ, ಬೆಟ್ಟ ಹೆಚ್ಚು. ಅವರಿಗೆಂದೇ ಬರೆದ ಪತ್ರಿಕೆಯಂತಿತ್ತು.

ಆದರೆ ಎರಡನೇ ದಿನವೇ ನಕ್ಷೆಗಾರರು ಒಂದು ಪ್ರಶ್ನೆ ಇಟ್ಟಿದ್ದರು. ರೇಸ್ ಆ ವರ್ಷ ನೆದರ್ಲೆಂಡ್ಸ್‌ನಲ್ಲಿ ಶುರುವಾಗಿತ್ತು. ಎರಡನೇ ಹಂತ ಉಟ್ರೆಕ್ಟ್‌ನಿಂದ ಝೀಲೆಂಡ್ ಕಡಲ ತೀರಕ್ಕೆ, 166 ಕಿ.ಮೀ. ಮುಗಿಯುವ ಜಾಗ ನೀಲ್ಟ್ಯೆ ಯಾನ್ಸ್. ಸಮುದ್ರದ ಉಬ್ಬರ ತಡೆಯಲು ಡಚ್ಚರು ಕಟ್ಟಿದ ಬೃಹತ್ ತಡೆಗೋಡೆಯ ಕಾಮಗಾರಿಗಾಗಿ ನಿರ್ಮಿಸಿದ ಕೃತಕ ದ್ವೀಪ ಅದು. ಸಿವಿಲ್ ಎಂಜಿನಿಯರಿಂಗ್ ಓದುವವರು ಒಮ್ಮೆಯಾದರೂ ಅದರ ಫೋಟೊ ನೋಡಬೇಕು. ಬೆಟ್ಟದ ಮಾತು ಬಿಡಿ, ಗುಡ್ಡವೂ ಇಲ್ಲ. ಇರುವುದು ಬಯಲು, ನೀರು, ಗಾಳಿ.

ಗಾಳಿ ಎದುರಿಂದ ಬೀಸಿದರೆ ಹಿಂದೆ ಅಡಗಬಹುದು. ಪಕ್ಕದಿಂದ ಬೀಸಿದರೆ? ಮುಂದಿನವನ ಮರೆ ಸಿಗುವುದು ನೇರ ಹಿಂದೆ ಅಲ್ಲ, ಓರೆಯಾಗಿ ಪಕ್ಕದಲ್ಲಿ. ಆಗ ಸವಾರರು ರಸ್ತೆಗೆ ಅಡ್ಡಲಾಗಿ ಓರೆ ಸಾಲು ಕಟ್ಟುತ್ತಾರೆ. ಆದರೆ ರಸ್ತೆಯ ಅಗಲ ಎಷ್ಟಿದೆಯೋ ಅಷ್ಟೇ ಜನಕ್ಕೆ ಜಾಗ. ಉಳಿದವರು ರಸ್ತೆಯಂಚಿನಲ್ಲಿ ಒಬ್ಬರ ಹಿಂದೊಬ್ಬರು, ಮರೆ ಇಲ್ಲದೆ ಒದ್ದಾಡುತ್ತಾರೆ. ಒಬ್ಬ ಸುಸ್ತಾಗಿ ಒಂದು ಸೈಕಲ್ ಅಂತರ ಬಿಟ್ಟರೆ ಸಾಕು, ಅವನ ಹಿಂದಿದ್ದವರೆಲ್ಲ ಬೇರೆ ಗುಂಪಾದಂತೆ. ಆ ದಿನ ಮಳೆ, ಗಾಳಿ ಎರಡೂ ಸೇರಿ ಗುಂಪು ಚೂರು ಚೂರಾಯಿತು. ಬ್ರಿಟನ್ನಿನ ಕ್ರಿಸ್ ಫ್ರೂಮ್ ಮುಂದಿನ ಗುಂಪಲ್ಲಿದ್ದರು. ಕ್ವಿಂಟಾನಾ ಹಿಂದೆ ಉಳಿದು 1 ನಿಮಿಷ 28 ಸೆಕೆಂಡ್ ಕಳೆದುಕೊಂಡರು.

ಕೊನೆಯ ಬೆಟ್ಟವಾದ ಆಲ್ಪ್ ಡ್ಯೂಎಜ್‌ನ 21 ತಿರುವುಗಳಲ್ಲಿ ಕ್ವಿಂಟಾನಾ ಫ್ರೂಮ್‌ರನ್ನು 1 ನಿಮಿಷ 20 ಸೆಕೆಂಡ್ ಹಿಂದೆ ಹಾಕಿದರು. ಆದರೂ ಸಾಲಲಿಲ್ಲ. ಪ್ಯಾರಿಸ್‌ನಲ್ಲಿ ಫ್ರೂಮ್ ಗೆದ್ದ ಅಂತರ 1 ನಿಮಿಷ 12 ಸೆಕೆಂಡ್. ಕಡಲ ತೀರದಲ್ಲಿ ಕಳೆದುಕೊಂಡದ್ದಕ್ಕಿಂತ ಕಡಿಮೆ! ಆ ಒಂದು ದಿನ ಇರದಿದ್ದರೆ ಕ್ವಿಂಟಾನಾ ಗೆದ್ದೇಬಿಡುತ್ತಿದ್ದರು ಎಂದು ಹೇಳಲಾಗದು. ಮುನ್ನಡೆ ಇಲ್ಲದಿದ್ದರೆ ಫ್ರೂಮ್ ಕೂಡ ಬೇರೆ ರೀತಿ ತುಳಿಯುತ್ತಿದ್ದರು. ಆದರೆ ಬೆಟ್ಟದ ರೇಸ್ ಎಂದು ಎಲ್ಲರೂ ಕರೆದ ರೇಸ್‌ನ ಲೆಕ್ಕದಲ್ಲಿ ಒಂದು ಸಪಾಟು ದಿನಕ್ಕೆ ಇಷ್ಟು ದೊಡ್ಡ ಪಾಲು ಬಂದದ್ದಂತೂ ನಿಜ.

ಯಾವ ಬೆಟ್ಟ ಅಲ್ಲ, ಯಾವುದರ ನಂತರ ಯಾವ ಬೆಟ್ಟ

ನಕ್ಷೆ ನೋಡುವಾಗ ಸಾಮಾನ್ಯವಾಗಿ ನಾವು ಎತ್ತರ ನೋಡುತ್ತೇವೆ. ಮೋಂ ವಾಂಟೂ ಸುಮಾರು 1,910 ಮೀಟರ್, ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಒಂಚೂರು ಕಡಿಮೆ. ಗಾಲಿಬಿಯೆ 2,642 ಮೀಟರ್. ಆದರೆ ಫಲಿತಾಂಶ ಬದಲಿಸುವುದು ಎತ್ತರಕ್ಕಿಂತ ಹೆಚ್ಚಾಗಿ ಜೋಡಣೆ. ಎರಡು ಬೆಟ್ಟಗಳ ನಡುವೆ ಉದ್ದನೆಯ ಸಪಾಟು ಕಣಿವೆ ಇದ್ದರೆ ಒಬ್ಬನೇ ಮುಂದೆ ಹೋದವನನ್ನು ಹಿಂದಿನ ತಂಡ ಸರದಿಯಲ್ಲಿ ಗಾಳಿ ಸೀಳುತ್ತಾ ಹಿಡಿದುಬಿಡುತ್ತದೆ. ಬೆಟ್ಟಗಳು ಒತ್ತೊತ್ತಾಗಿದ್ದರೆ ಸಹಾಯಕರು ಉದುರಿಹೋಗಿ ನಾಯಕ ಒಂಟಿಯಾಗುತ್ತಾನೆ.

2022ರ 11ನೇ ಹಂತ ಇದಕ್ಕೆ ಒಳ್ಳೆಯ ಉದಾಹರಣೆ. ಟೆಲಿಗ್ರಾಫ್, ಗಾಲಿಬಿಯೆ, ಕೊನೆಗೆ 2,413 ಮೀಟರ್ ಎತ್ತರದ ಗ್ರಾನೋಂ. ಹಳದಿ ಜೆರ್ಸಿಯಲ್ಲಿದ್ದ ಸ್ಲೊವೇನಿಯಾದ ಟಡೇ ಪೊಗಾಚಾರ್ ಮೇಲೆ ಎದುರಾಳಿ ತಂಡದ ಇಬ್ಬರು ನಾಯಕರು ಗಾಲಿಬಿಯೆಯಲ್ಲೇ ಸರದಿಯಂತೆ ದಾಳಿ ಮಾಡಿದರು. ಅಲ್ಲಿ ಅವರು ಎಲ್ಲಕ್ಕೂ ಉತ್ತರ ಕೊಟ್ಟರು. ಬಿಲ್ ಬಂದದ್ದು ಗ್ರಾನೋಂನಲ್ಲಿ. ಡೆನ್ಮಾರ್ಕ್‌ನ ಯೋನಸ್ ವಿಂಗೆಗಾರ್ಡ್‌ಗೆ ಅವರು ಬಿಟ್ಟುಕೊಟ್ಟ ಸಮಯ 2 ನಿಮಿಷ 51 ಸೆಕೆಂಡ್. ವಿಂಗೆಗಾರ್ಡ್ ಇಡೀ ಟೂರ್ ಗೆದ್ದ ಅಂತರ 2 ನಿಮಿಷ 43 ಸೆಕೆಂಡ್.

ಈ ಬೆಟ್ಟದ ದಿನಗಳು ಸ್ಪ್ರಿಂಟರ್‌ಗಳಿಗೆ ಬೇರೆಯೇ ಪರೀಕ್ಷೆ. ಕೊನೆಯ 200 ಮೀಟರ್‌ನಲ್ಲಿ ಮಿಂಚಿನಂತೆ ನುಗ್ಗುವ, ಸ್ನಾಯು ತುಂಬಿದ ಇವರು ಬೆಟ್ಟದಲ್ಲಿ ಗೆಲ್ಲುವುದಿಲ್ಲ. ಆದರೆ ವಿಜೇತನ ಸಮಯದ ಮೇಲೆ ಇಂತಿಷ್ಟು ಶೇಕಡಾ ಎಂಬ ಮಿತಿಯೊಳಗೆ ಮುಗಿಸಲೇಬೇಕು. ತಪ್ಪಿದರೆ ಮನೆಗೆ. ಬ್ಯಾಂಕ್ ಪರೀಕ್ಷೆಯ ಸೆಕ್ಷನಲ್ ಕಟ್‌ಆಫ್ ಇದ್ದಂತೆ ಅನ್ನಿ. ಒಟ್ಟು 35 ಹಂತ ಗೆದ್ದು ಟೂರ್‌ನ ದಾಖಲೆ ಬರೆದ ಮಾರ್ಕ್ ಕ್ಯಾವೆಂಡಿಷ್ ಕೂಡ ಈ ಕಟ್‌ಆಫ್ ದಾಟಲು ವರ್ಷಗಟ್ಟಲೆ ಹೆಣಗಿದವರೇ. ಅವರಂಥವರು ಹಿಂದೆ ಒಂದು ಗುಂಪು ಕಟ್ಟಿಕೊಂಡು, ಗಡಿಯಾರ ನೋಡುತ್ತಾ, ಒಬ್ಬರನ್ನೊಬ್ಬರು ಎಳೆದುಕೊಂಡು ಬರುತ್ತಾರೆ. ಟಿವಿಯಲ್ಲಿ ಹೆಚ್ಚು ಕಾಣದ ಈ ರೇಸ್ ನನಗೆ ತುಂಬ ಇಷ್ಟ.

ಕಷ್ಟ ಕೊಟ್ಟರೆ ಆಟ ರಂಗೇರುತ್ತದೆಯೇ?

ಹಾಗಾದರೆ ಬೆಟ್ಟದ ಮೇಲೆ ಬೆಟ್ಟ ಇಟ್ಟರೆ ರೇಸ್ ರೋಚಕವಾಗುತ್ತದೆ ಎಂದುಕೊಳ್ಳಬೇಡಿ. ಕೊನೆಯ ವಾರ ಭಯಂಕರವಾಗಿದ್ದರೆ ಮೊದಲ ಎರಡು ವಾರ ಎಲ್ಲರೂ ಶಕ್ತಿ ಉಳಿಸಿಕೊಳ್ಳುತ್ತಾರೆ. ಒಂದೇ ದಿನದಲ್ಲೂ ಅಷ್ಟೇ. ಕೊನೆಯ ಏರು ತೀರಾ ಕಡಿದಾಗಿದ್ದರೆ ಅದರ ಬುಡ ತಲುಪುವವರೆಗೆ ಯಾರೂ ಅಲುಗಾಡುವುದಿಲ್ಲ. ಮನುಷ್ಯ ಹೆದರಿದಾಗ ಕಾಯುತ್ತಾನೆ. ಕೊನೆಯ ಯೂನಿಟ್‌ನಿಂದ 40 ಅಂಕ ಬರುತ್ತದೆ ಎಂದು ಗೊತ್ತಾದರೆ ಮೊದಲ ಯೂನಿಟ್ ಓದುವವರು ಯಾರು?

2018ರಲ್ಲಿ ಸಂಘಟಕರು ಇದಕ್ಕೊಂದು ಉಪಾಯ ಹುಡುಕಿದರು. ಪಿರನೀಸ್‌ನಲ್ಲಿ ಬರೀ 65 ಕಿ.ಮೀ. ಹಂತ, ಅದರಲ್ಲೇ ಮೂರು ಬೆಟ್ಟ. ಕಾರ್ ರೇಸ್‌ನಂತೆ ಒಟ್ಟು ಸ್ಥಾನಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿ ಹೊರಡಿಸಿದರು. ನಾಯಕರು ಸಹಾಯಕರಿಲ್ಲದೆ ಮೊದಲ ಮೀಟರ್‌ನಿಂದಲೇ ಕಾದಾಡಲಿ ಎಂಬ ಆಸೆ. ಆದದ್ದೇನು? ಮುಂದಿದ್ದ ನಾಯಕರು ದುಡುಕದೆ ಹೊರಟರು, ಹಿಂದಿದ್ದ ಸಹಾಯಕರು ಬಂದು ಕೂಡಿಕೊಂಡರು. ಆ ಸಾಲಿನಿಂದ ಹೆಚ್ಚೇನೂ ಆಗಲಿಲ್ಲ. ರೇಸ್ ನಡೆದದ್ದು ಬೆಟ್ಟದಲ್ಲೇ. ಗೆದ್ದವರು ನಮ್ಮ ಕ್ವಿಂಟಾನಾ.

ಇದಕ್ಕಿಂತ ಸರಳವಾದ ವಿನ್ಯಾಸ ಹೆಚ್ಚು ಕೆಲಸ ಮಾಡಿದ್ದೂ ಇದೆ. 2020ರಲ್ಲಿ ಇದ್ದ ಒಂದೇ ಟೈಮ್ ಟ್ರಯಲ್ ಅನ್ನು ಕೊನೆಯ ಹಿಂದಿನ ದಿನಕ್ಕೆ ಇಟ್ಟಿದ್ದರು. 36.2 ಕಿ.ಮೀ. ದಾರಿಯಲ್ಲಿ ಸುಮಾರು 30 ಕಿ.ಮೀ. ವೇಗದ ರಸ್ತೆ, ಕೊನೆಯ ಸುಮಾರು 6 ಕಿ.ಮೀ. ಕಡಿದಾದ ಏರು. ದೊಡ್ಡ ಎಂಜಿನ್‌ಗೂ ಹಗುರ ಮೈಗೂ ಒಂದೇ ಪತ್ರಿಕೆಯಲ್ಲಿ ಪ್ರಶ್ನೆ! ಏರಿನ ಬುಡದಲ್ಲಿ ಸೈಕಲ್ ಬದಲಿಸಿದವರೂ ಇದ್ದರು. 57 ಸೆಕೆಂಡ್ ಹಿಂದಿದ್ದ ಪೊಗಾಚಾರ್, ಆ ಸಂಜೆ ತಮ್ಮದೇ ದೇಶದ ಪ್ರಿಮೋಷ್ ರೋಗ್ಲಿಚ್‌ಗಿಂತ 59 ಸೆಕೆಂಡ್ ಮುಂದಿದ್ದರು. ಮರುದಿನ ಪ್ಯಾರಿಸ್‌ನಲ್ಲಿ ಟೂರ್ ಗೆದ್ದಾಗ ಅವರಿಗೆ 22 ತುಂಬಲು ಇನ್ನೂ ಒಂದು ದಿನ ಬಾಕಿ ಇತ್ತು.

ನಕ್ಷೆಯ ಮೇಲಿನ ಗೆರೆ, ಮನುಷ್ಯನ ಮೈ

ಎಂಜಿನಿಯರಿಂಗ್ ಓದುವ ನನಗೆ ಈ ವಿಷಯದಲ್ಲಿ ತುಂಬ ಕಾಡುವುದು ಇಳಿಜಾರು. ಏರಿದವರು ಇಳಿಯಲೇಬೇಕು. ಇಳಿಯುವಾಗ ವೇಗ ಗಂಟೆಗೆ 80–90 ಕಿ.ಮೀ. ದಾಟುತ್ತದೆ. ರಸ್ತೆಗೆ ತಾಗಿರುವುದು ಎರಡು ತೆಳ್ಳನೆಯ ಟೈರ್, ಮೈಮೇಲೆ ಇರುವುದು ತೆಳು ಬಟ್ಟೆ.

1992ರ ಬಾರ್ಸಿಲೋನಾ ಒಲಿಂಪಿಕ್ ಚಾಂಪಿಯನ್, ಇಟಲಿಯ ಫಾಬಿಯೊ ಕಾಸಾರ್ಟೆಲ್ಲಿ 1995ರ ಟೂರ್‌ನಲ್ಲಿ ಪೋರ್ಟೆ ದಾಸ್ಪೆ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡರು. ಆಗ ಅವರ ವಯಸ್ಸು 24. ವೃತ್ತಿಪರ ರೇಸ್‌ಗಳಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 2003ರಲ್ಲಿ, ಇನ್ನೊಬ್ಬ ಸವಾರ ಆಂದ್ರೆ ಕಿವಿಲೆವ್ ಸತ್ತ ಮೇಲೆ. 2023ರ ಜೂನ್‌ನಲ್ಲಿ ಟೂರ್ ಆಫ್ ಸ್ವಿಟ್ಜರ್ಲೆಂಡ್‌ನ ಆಲ್ಬುಲಾ ಇಳಿಜಾರಿನಲ್ಲಿ 26 ವರ್ಷದ ಜೀನೋ ಮೇಡರ್ ಕಮರಿಗೆ ಬಿದ್ದರು, ಮರುದಿನ ತೀರಿಕೊಂಡರು. ಆ ದಿನದ ಗುರಿ ಆ ಇಳಿಜಾರಿನ ಬುಡದಲ್ಲೇ ಇತ್ತು. ಇಳಿದ ಕೂಡಲೇ ಗೆಲುವಿನ ಗೆರೆ ಇದ್ದರೆ ಯಾರು ಬ್ರೇಕ್ ಹಿಡಿಯುತ್ತಾರೆ? ಇಂಥ ಕಡೆ ಮುಗಿಸಬೇಕಿತ್ತೇ ಎಂಬ ಚರ್ಚೆ ಜೋರಾಗಿ ನಡೆಯಿತು.

ಗೆರೆ ಬೆಟ್ಟದ ತುದಿಯಲ್ಲಿ ಇರಬೇಕೋ, ಬುಡದಲ್ಲಿ ಇರಬೇಕೋ, ಬುಡದಿಂದ ಹತ್ತು ಕಿಲೋಮೀಟರ್ ಆಚೆ ಇರಬೇಕೋ? ಕಾಗದದ ಮೇಲೆ ಇದು ಪೆನ್ಸಿಲ್ ಅನ್ನು ಒಂದಿಷ್ಟು ಸರಿಸುವ ಕೆಲಸ. ರಸ್ತೆಯ ಮೇಲೆ ಅದರ ಅರ್ಥವೇ ಬೇರೆ. ಸೇತುವೆ ಕಟ್ಟುವವರಿಗೆ 'ಫ್ಯಾಕ್ಟರ್ ಆಫ್ ಸೇಫ್ಟಿ' ಎಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ರೋಮಾಂಚನವನ್ನೇ ಮಾರುವ ವಿನ್ಯಾಸದಲ್ಲಿ ಆ ಸಂಖ್ಯೆಯನ್ನು ಎಲ್ಲಿ ಇಡುವುದು? ನನಗೆ ಅನಿಸುವಂತೆ, ದಣಿದವನೂ ದುಡುಕುವವನೂ ಬಂದೇ ಬರುತ್ತಾರೆ ಎಂದುಕೊಂಡೇ ದಾರಿ ರೂಪಿಸಬೇಕು. ಆಮೇಲೆ ಅವರನ್ನು ದೂರಿ ಪ್ರಯೋಜನವಿಲ್ಲ.

ಪ್ರಶ್ನೆ ಅವರದು, ಉತ್ತರ ಇವರದು

ಹಾಗಾದರೆ ಗೆಲ್ಲಿಸುವುದು ನಕ್ಷೆಯೇ? ಪೂರ್ತಿ ಹಾಗೆ ಹೇಳಲೂ ಆಗುವುದಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ಇದ್ದ ಕಾರಣ ಟೂರ್ ಮೊದಲ ಬಾರಿಗೆ ಪ್ಯಾರಿಸ್‌ನಿಂದ ದೂರ, ನೀಸ್ ನಗರದಲ್ಲಿ ಮುಗಿಯಿತು. ಕೊನೆಯ ದಿನ ಮೊನಾಕೊದಿಂದ ನೀಸ್‌ಗೆ 33.7 ಕಿ.ಮೀ. ಟೈಮ್ ಟ್ರಯಲ್. 1989ರ ನಂತರ ಟೂರ್ ಟೈಮ್ ಟ್ರಯಲ್‌ನಿಂದ ಮುಗಿದದ್ದು ಅದೇ ಮೊದಲು. ಎಲ್ಲರಿಗೂ ಆ 8 ಸೆಕೆಂಡಿನ ನೆನಪು. ಆದರೆ ಕೊನೆಯ ದಿನ ಬರುವಷ್ಟರಲ್ಲಿ ಪೊಗಾಚಾರ್ 5 ನಿಮಿಷಕ್ಕೂ ಹೆಚ್ಚು ಮುಂದಿದ್ದರು. ಆ ದಿನವನ್ನೂ ಗೆದ್ದು, ಒಟ್ಟು 6 ನಿಮಿಷ 17 ಸೆಕೆಂಡ್ ಅಂತರದಿಂದ ಟೂರ್ ಮುಗಿಸಿದರು. ಒಂದೇ ವಿನ್ಯಾಸ ಒಮ್ಮೆ 8 ಸೆಕೆಂಡಿನ ನಾಟಕ ಕೊಟ್ಟಿತು, ಇನ್ನೊಮ್ಮೆ ಆರು ನಿಮಿಷದ ಮೆರವಣಿಗೆ ಕೊಟ್ಟಿತು.

ಎಲ್ಲರಿಗೂ ಸಮಾನವಾಗಿ ಅನುಕೂಲವಾಗುವ ದಾರಿ ಇರಲು ಸಾಧ್ಯವೇ ಇಲ್ಲ. ಬೆಟ್ಟ ಸೇರಿಸಿದರೆ ಹಗುರದವನಿಗೆ ಲಾಭ, ತೆಗೆದರೆ ಬಲಶಾಲಿಗೆ ಲಾಭ. ನ್ಯಾಯ ಇರುವುದು ಬೇರೆ ಕಡೆ. ದಾರಿ ಹೇಗಿದೆ ಎಂದು ಎಂಟು ತಿಂಗಳಿಗೂ ಮುಂಚೆ ಎಲ್ಲರಿಗೂ ಒಂದೇ ದಿನ ತಿಳಿಯುತ್ತದೆ. ನಡುವೆ ಯಾರಿಗೋಸ್ಕರ ಬದಲಾಗುವುದಿಲ್ಲ. ನೇಮಕಾತಿ ಪರೀಕ್ಷೆಯ ದಿನಾಂಕ, ಪಠ್ಯಕ್ರಮ ಎರಡೂ ಯಾವಾಗ ಬದಲಾಗುತ್ತವೋ ಎಂದು ಕಾಯುತ್ತಾ ಕೂರುವ ನಮಗೆ ಇದರ ಬೆಲೆ ಚೆನ್ನಾಗಿ ಗೊತ್ತು.

ಮುಂದಿನ ಬಾರಿ ಟೂರ್‌ನ ನಕ್ಷೆ ಕಣ್ಣಿಗೆ ಬಿದ್ದರೆ ಈ ನಾಲ್ಕನ್ನು ಹುಡುಕಿ ನೋಡಿ. ಟೈಮ್ ಟ್ರಯಲ್ ಒಟ್ಟು ಎಷ್ಟು ಕಿಲೋಮೀಟರ್? ಬೆಟ್ಟಗಳ ನಡುವೆ ಕಣಿವೆ ಉದ್ದವೋ, ಗಿಡ್ಡವೋ? ಮೊದಲ ವಾರದಲ್ಲಿ ಕಡಲ ತೀರ ಅಥವಾ ಮರಗಳಿಲ್ಲದ ಬಯಲು ಇದೆಯೇ? ಇಳಿಜಾರು ಮುಗಿದ ಮೇಲೆ ಗೆರೆ ಎಷ್ಟು ದೂರ? ಆಮೇಲೆ ಯಾರು ಗೆಲ್ಲಬಹುದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು, ರೇಸ್ ಮುಗಿದ ಮೇಲೆ ತೆಗೆದು ನೋಡಿ. ನಿಮ್ಮ ಊಹೆ ತಪ್ಪಿದ್ದರೆ, ಯಾವ ದಿನ, ಯಾವ ರಸ್ತೆಯಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸಲು ನಕ್ಷೆ ಹೇಗೂ ಕೈಯಲ್ಲೇ ಇರುತ್ತದೆ.